ಚುಕ್ಕಿ ಇಟ್ಟ ಜಾಗ

ಗುಂಡ್ಲುಪೇಟೆ
೧೯-೮-೨೦೦೭, ಭಾನುವಾರ

ಪ್ರೀತಿಯ ಕನಕಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ಮೈ ಹುಷಾರಾಗಿದೆಯೇ? ತಿರುಪ್ಪೂರಿನ ಬನಿಯನ್ ಮಿಲ್ಲಿನಲ್ಲಿ ಹತ್ತಿಯ ದೂಳು ಬಹಳ ಎಂದು ಅಲ್ಲಿಂದ ಊರಿಗೆ ಬಂದಿದ್ದ ಪುಟ್ಟಮಾದಯ್ಯ ಹೇಳಿದ. ನಿನ್ನ ವಿಳಾಸ ಕೊಟ್ಟವನೂ ಅವನೇ. ಕೆಮ್ಮು ಹೇಗಿದೆ? ನಾವು ಚೆನ್ನಾಗಿದ್ದೇವೆ. ಅಪ್ಪನ ಮೇಲೆ ಮುನಿಸಿಕೊಂಡು ನೀನು ಹೋಗಿ ಎರಡು ವರ್ಷವಾಯಿತು, ಮನೆಯಲ್ಲಿ ಮಾತು ಕಮ್ಮಿ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಕಾಗದ, ತಪ್ಪಿದ್ದರೆ ನಗಬೇಡ.

ನಿನ್ನ ಕಂಪ್ಯೂಟರಿಗೆ ವೈರಸ್ ಹಿಡಿದು ವಿಂಡೋಸ್ ಏಳದಂತಾಯಿತು. ಅದರ ಡಬ್ಬವನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರಕ್ಕೆ ಒಯ್ದೆ. ರಿಪೇರಿಯ ಗಿರೀಶಣ್ಣ, “ಅಳ್ಸಿ ಹೊಸ್ದಾಗಿ ಹಾಕ್ಬುಡ್ತೀನಿ ಕಣಮ್ಮಿ, ಒಳಗಿರೋದೆಲ್ಲ ಓಯ್ತದೆ” ಎಂದರು. ಡಬ್ಬದ ಮೇಲೆ ಕೈಯಿಟ್ಟು ನಿಂತೆ. ನೀನು ತಮಾಷೆಗೆ ಮಾಡಿದ್ದ ನನ್ನ ಮದುವೆ ಕಾರ್ಡು ಅದರೊಳಗೇ ಇತ್ತಲ್ಲ. ಗಂಡಿನ ಹೆಸರಿನ ಜಾಗಕ್ಕೆ ಚುಕ್ಕಿ ಇಟ್ಟು, “ಹೆಸ್ರು ಗೊತ್ತಾದ ದಿನ ಕರಿ ಕಣಮ್ಮಿ, ನಾನೇ ತುಂಬ್ತೀನಿ” ಅಂದಿದ್ದೆ.

ಆಗ ಅವರು ಲಿನಕ್ಸ್ ಸಿ.ಡಿ.ಗಳನ್ನು ಮುಂದಿಟ್ಟರು. ವಿಂಡೋಸ್ ಬದಲು ಅದರಲ್ಲೂ ಕೆಲಸ ನಡೆಯುತ್ತದಂತೆ, ಅದರಲ್ಲೇ ಬಗೆಬಗೆ ಇವೆಯಂತೆ. ಫೆಡೋರಾ ಚೆಂದವಂತೆ, ಆದರೆ ಅವರ ಬಳಿಯಿದ್ದದ್ದನ್ನು ಕಂಪ್ಯೂಟರಿಗೆ ಹಾಕಿದ ಮೇಲೆಯೇ ನೋಡಬೇಕು. ನಾಪಿಕ್ಸ್ ಸಿ.ಡಿ.ಯಿಂದಲೇ ನಡೆಯಿತು, ಕನ್ನಡ ಇರಬೇಕಾದಲ್ಲಿ ಬರೀ ಚೌಕ. ಉಬುಂಟು ಏನನ್ನೂ ಅಳಿಸದೆ ಸಿ.ಡಿ.ಯಿಂದಲೇ ಎದ್ದಿತು, ಕನ್ನಡವೂ ಕಂಡಿತು. ಇದೇ ಸಾಕು ಎಂದೆ. “ಗಂಡು ನೋಡಕ್ಕೂ ಇಷ್ಟೊತ್ತು ತಕಳಾಕಿಲ್ಲ” ಎಂದು ಗಿರೀಶಣ್ಣ ನಕ್ಕರು.

ಕಾರ್ಡು ಸಿಕ್ಕಿತು. ಆದರೆ ನೀನು ಆಗ ಬಳಸಿದ್ದ ಕನ್ನಡ ಫಾಂಟು ಇದರಲ್ಲಿಲ್ಲ, ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿತ್ತು. ಕರೆಯುವವರ ಪಟ್ಟಿಯಲ್ಲಿ ಕೊನೆಯದು ಕನಕ ಎಂಬ ನಿನ್ನ ಹೆಸರೆಂದು ನೆನಪಿತ್ತು. ಅಲ್ಲಿ ಪಿ ಎರಡು ಸಲ ಇತ್ತು, ಹಾಗಾದರೆ ಪಿ ಎಂದರೆ ಕ. ನಡುವಿನ ಬಾಲ ಸುತ್ತಿದ ಗುರುತು ನ. ಹೀಗೆ ನಿನ್ನ ಹೆಸರಿನಿಂದ ಶುರುಮಾಡಿ ಇಡೀ ಕಾರ್ಡು ಓದಿ, ಹೊಸದಾಗಿ ಟೈಪು ಮಾಡಿದೆ. ಎಂಟು ದಿನ ಹಿಡಿಯಿತು. ಅಷ್ಟು ದಿನವೂ ನೀನು ಪಕ್ಕದಲ್ಲಿ ಕೂತು ರೇಗಿಸುತ್ತಿದ್ದಂತೆ ಇತ್ತು. ಮುಗಿದ ಮೇಲೆ ಮನೆ ಮತ್ತೆ ಹಾಗೇ. ಹಳೆಯ ಕಾರ್ಡಿನಲ್ಲಿ ಏನೂ ಕೆಡದೆ ಬಂದದ್ದು ನೀನಿಟ್ಟ ಚುಕ್ಕಿಗಳು ಮಾತ್ರ.

ಅವ್ವ ಆಶೀರ್ವಾದ ಬರೆಯಲು ಹೇಳಿದಳು. ಅಪ್ಪ ಕವರಿಗೆ ಅಂಟು ತಂದುಕೊಟ್ಟರು.

ನಿನ್ನ ತಂಗಿ,
ಸುಧಾಮಣಿ

ಮರೆತಿದ್ದೆ: ಗಂಡಿನ ಹೆಸರು ಮಾದೇಶ, ಹರವೆಯವರು. ಮುಂದಿನ ಸೋಮವಾರ ಕಾರ್ಡು ಅಚ್ಚಿಗೆ ಹೋಗಬೇಕು. ಚುಕ್ಕಿಗಳನ್ನು ನಾನು ಮುಟ್ಟಿಲ್ಲ.