ತೊಳೆದ ಮರದ ಸೀತಾಳೆ

೨೨೪೧, ಎರಡನೇ ಜ್ಯೇಷ್ಠದ ಇಪ್ಪತ್ತೇಳನೇ ದಿನ
ಗಾಜುವನ, ಕಾಳಿ ನದಿ ದಂಡೆ

ಬೊಮ್ಮಿ ಅಜ್ಜಿಗೆ ಎಂಟನೇ ತಲೆಮಾರಿನ ಮೊಮ್ಮಗಳು ಸೋಮಿಯ ನಮಸ್ಕಾರಗಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹುಡುಕಿ ಬರೆಯುವಷ್ಟು ನೆಮ್ಮದಿ ಇವತ್ತು ನನಗಿಲ್ಲ.

ಬಿದ್ದ ಕೊಂಬೆಯಿಂದ ಬಿಡಿಸಿ ನೀವು ಹಲಸಿನ ಮರಕ್ಕೆ ಬಾಳೆನಾರಿನಲ್ಲಿ ಕಟ್ಟಿದ ಸೀತಾಳೆ ಹೂವಿನ ಗಿಡ ಇನ್ನೂ ಬದುಕಿದೆ. ಕಾಡಿನಲ್ಲಿ ಬೇರೊಂದು ಉಳಿದಿಲ್ಲ. ಅದಕ್ಕೇ ಮರದ ಸುತ್ತ ಗಾಜುವನ ಕಟ್ಟಿದ್ದಾರೆ, ಅಂದರೆ ಗಾಳಿಯನ್ನೂ ಸೋಸಿ ಒಳಬಿಡುವ ಮನೆ. ಸೀತಾಳೆ ಮರದ ರಸ ಹೀರುವುದಿಲ್ಲ. ಅದರ ಬೇರು ಗಾಳಿಯಲ್ಲಿ ಇಳಿಬಿದ್ದು ತೇವ ಕುಡಿಯುತ್ತದೆ. ಒಣಗಿದಾಗ ಬಿಳಿ, ನೆನೆದರೆ ಹಸಿರು. ನರಿಬಾಲದಂಥ ಗೊಂಚಲಿನ ತುಂಬ ನೇರಳೆ ಚುಕ್ಕಿಯ ಬಿಳಿ ಹೂಗಳು. ಜೇನ್ನೊಣಗಳಿಲ್ಲದ್ದರಿಂದ ನಾನು ಇಲ್ಲಿಯ ದುಂಬಿಗಿತ್ತಿ. ಇದರ ಪರಾಗ ಪುಡಿಯಲ್ಲ, ಅಂಟಂಟಾದ ಎರಡು ಹಳದಿ ಉಂಡೆ. ಅದನ್ನು ಕಡ್ಡಿಯ ತುದಿಯಲ್ಲೆತ್ತಿ ಇನ್ನೊಂದು ಹೂವಿಗೆ ಒತ್ತುತ್ತೇನೆ. ಕಾಯಿ ಕಟ್ಟಿ, ಒಡೆದು, ಬೂದಿಗಿಂತ ನುಣ್ಣನೆಯ ಬೀಜ ಹಾರುತ್ತದೆ. ನಾನಿಲ್ಲಿ ಕೆಲಸಕ್ಕೆ ಬಂದ ಮೂವತ್ತೊಂದು ವರ್ಷದಲ್ಲಿ ಒಂದೂ ಮೊಳೆತಿರಲಿಲ್ಲ.

ನನಗೆ ಬೂಷ್ಟು ಕಂಡರಾಗದು. ಪ್ರತಿ ಸೋಮವಾರ ತೊಗಟೆಯನ್ನು ಔಷಧಿ ನೀರಿನಲ್ಲಿ ಉಜ್ಜಿ ತೊಳೆಯುವ ಕಟ್ಟಳೆ ಮಾಡಿದವಳೇ ನಾನು. ಮರಕ್ಕೂ ಮಡಿ ಉಡಿಸ್ತೀಯಲ್ಲ ಅಕ್ಕಾ ಎಂದು ಜತೆಗೆಲಸದ ಬೀರ ನಗುತ್ತಿದ್ದ. ನೀವು ಮರಕ್ಕೆ ಕಟ್ಟಿದ ಹಲಗೆಯನ್ನು ಅವನಿಗೆ ತೋರಿಸುತ್ತಿದ್ದೆ. ಮೊದಲ ಸಲ ಅದರ ಮೇಲಿನ ಬೂಷ್ಟನ್ನು ಉಜ್ಜಿದಾಗಲೇ ಬಣ್ಣವೂ ಕಿತ್ತುಬಂದು, ಅದರಲ್ಲಿ ಉಳಿದದ್ದು 'ತೊಗಟೆಯ ಬೂಷ್ಟು' ಎಂಬೆರಡೇ ಮಾತು. ತೆಗೆಯಿರಿ ಎಂದೇ ಬರೆದಿದ್ದೀರೆಂದು ನಂಬಿದ್ದೆ.

ಇವತ್ತು ಬೆಳಿಗ್ಗೆ ಏಣಿ ಹಾಕಿ, ಎಂದೂ ಕೈಗೆಟುಕದ ಸಂದಿಯೊಂದನ್ನು ಒರೆಸಿದೆ. ಬಟ್ಟೆಗೆ ಬೂಷ್ಟಿನ ಜತೆ ಸಾಸಿವೆಗಿಂತ ಸಣ್ಣ ಹಸಿರು ಕಾಳೊಂದು ಬಂತು. ಭೂತಗನ್ನಡಿಯಲ್ಲಿ ನೋಡಿದರೆ ಸೀತಾಳೆಯ ಮೊಳಕೆ. ಬೂಷ್ಟಿನ ಬಿಳಿ ಎಳೆಗಳು ಅದರೊಳಗೇ ಹೊಕ್ಕಿದ್ದವು. ಬೀಜದಲ್ಲಿ ಬುತ್ತಿಯೇ ಇಲ್ಲ, ಅಜ್ಜಿ. ಉಣಿಸುವುದು ಬೂಷ್ಟು. ನಿಮಗದು ಗೊತ್ತಿತ್ತು. ತೆಗೆಯಬೇಡಿ ಎಂದೇ ಬರೆದಿರಬೇಕು, ಆ ಮಾತನ್ನೂ ನಾನೇ ಉಜ್ಜಿ ಅಳಿಸಿದೆ.

ಕಾಳು ಬಟ್ಟೆಯಲ್ಲೇ ಬಾಡಿತು. ಔಷಧಿ ನೀರಿನ ಬಕೆಟ್ಟನ್ನು ಹೊರಗೆಸೆದು ಬಂದೆ, ಕೂತಲ್ಲಿ ಕೂರಲಾಗುತ್ತಿಲ್ಲ. ಈ ವರ್ಷ ಬಿಟ್ಟಿರುವುದು ಒಂದೇ ಗೊಂಚಲು. ಸೋಸಿದ ಗಾಳಿಯಲ್ಲಿ ಬೂಷ್ಟು ಇನ್ನೆಲ್ಲಿಂದ ಬಂದೀತು? ಹೊರಗಿನ ಗಾಳಿಯಾದರೂ ಅದನ್ನು ತರಲೆಂದು ಬೀರ ಗಾಜು ಬಿಚ್ಚುತ್ತಿದ್ದಾನೆ.

ಈ ಕಾಗದ ನಿಮ್ಮ ಕಾಲಕ್ಕೆ ಮುಟ್ಟುವಾಗ ನೀವಿನ್ನೂ ಆ ಹಲಗೆ ಬರೆದಿರದಿದ್ದರೆ, ದಯವಿಟ್ಟು ಬಣ್ಣದಲ್ಲಿ ಬರೆಯಬೇಡಿ. ಉಳಿಯಿಂದ ಆಳವಾಗಿ ಕೊರೆಯಿರಿ. ನಿಮ್ಮ ಮೊಮ್ಮಗಳು ಮೂವತ್ತೊಂದು ವರ್ಷ ಉಜ್ಜುತ್ತಾಳೆ.