ಟಾಯ್ಲೆಟ್ ಹಾಡು

ಶನಿವಾರ, ಮಾರ್ಚ್ ೧೪. ರಾತ್ರಿ.

ಕಿವಿ ಇನ್ನೂ ಗುಂಯ್‌ಗುಡುತ್ತಿದೆ. ನಿದ್ದೆಯ ಮಾತೇ ಇಲ್ಲ. ಮುದುಕರು ಆ ಹಾಡು ಹಾಡಿಯೇಬಿಟ್ಟರು.

ನಮ್ಮ ಮೆಚ್ಚಿನ ರಾಕ್ ಬ್ಯಾಂಡಿನವರಿಗೆಲ್ಲ ಎಪ್ಪತ್ತು ದಾಟಿದೆ. ಈ ಸಲದ ಪ್ರವಾಸ ಶುರುವಾದಾಗಿನಿಂದ ಅಭಿಮಾನಿಗಳ ಗುಂಪಿನಲ್ಲಿ ಒಂದೇ ಜಗಳ: ಯಾವ ಹಾಡು ಇರಬೇಕು, ಯಾವುದು ಬೇಡ. ನಿಧಾನದ ಆ ದೋಣಿ ಹಾಡಿಗೆ 'ಟಾಯ್ಲೆಟ್ ಹಾಡು' ಎಂದು ಹೆಸರಿಟ್ಟವರು ನಮ್ಮ ಭಾವನೇ. ಅದು ಶುರುವಾದರೆ ಧಾರಾಳವಾಗಿ ಎದ್ದು ಹೋಗಿಬರಬಹುದಂತೆ. ಬೇಕೇ ಬೇಕು ಎಂದವಳು ನಾನೊಬ್ಬಳೇ. ಕನ್ನಡಕದಂಗಡಿಯಲ್ಲಿ ಗಿರಾಕಿಗೆ ಫ್ರೇಮು ತೋರಿಸುತ್ತಲೇ ಇವರಿಗೆಲ್ಲ ಉತ್ತರ ಬರೆದು ಬೆರಳು ಸವೆದಿದ್ದವು.

ಇವತ್ತು ವೇದಿಕೆಯ ದೀಪ ಆರಿದ್ದೇ ತಡ, ಭಾವ ಎದ್ದರು. "ನಿನ್ ಹಾಡು ಬರ್ಲಿಲ್ಲ ನೋಡು. ನಾನು ಕಾರ್ ತೆಗ್ದಿರ್ತೀನಿ, ಆಮೇಲೆ ಗೇಟಲ್ಲಿ ಸಿಕ್ಕಾಕೊಳ್ತೀವಿ."

ಅವರು ಅತ್ತ ಹೋದರು, ಇತ್ತ ಒಂದೇ ಒಂದು ದೀಪ ಹತ್ತಿತು. ಸ್ಟೂಲಿನ ಮೇಲೆ ಗಾಯಕ ಒಬ್ಬನೇ. ಮೊದಲ ಸಾಲಿಗೇ ಪಕ್ಕದಲ್ಲಿದ್ದ ಅಕ್ಕ ನನ್ನ ತೋಳು ಹಿಡಿದಳು. ಮೇಲಿನ ಸ್ವರಕ್ಕೆ ಅವನ ಗಂಟಲು ಏರಲಿಲ್ಲ. ಇಡೀ ಮೈದಾನ ಏರಿಸಿತು. ಒಬ್ಬರೂ ಟಾಯ್ಲೆಟ್ಟಿಗೆ ಹೋಗಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು.

ಹೊರಗೆ ಬಂದರೆ ಕಾರು ನಿಲ್ಲಿಸಿದಲ್ಲೇ ಇದೆ. ಭಾವ ಗೇಟಿನ ಕಂಬಕ್ಕೆ ಒರಗಿ ನಿಂತಿದ್ದಾರೆ, ಕಣ್ಣು ಕೆಂಪಗೆ.

"ಕಾರ್ ಯಾಕ್ರೀ ತೆಗೀಲಿಲ್ಲ?" ಅಕ್ಕ ಕೇಳಿದಳು.

"ಕೀ ಸಿಗ್ಲಿಲ್ಲ ಕಣೇ, ಅಷ್ಟೊತ್ತಿಂದ ಹುಡುಕ್ತಾ ಇದೀನಿ."

ಕೀ ಅವರ ಬೆರಳಲ್ಲೇ ನೇತಾಡುತ್ತಿತ್ತು, ಅದೂ ಆ ಹಾಡಿನ ತಾಳಕ್ಕೆ.