ರಾಣಿಯ ಬಾಣಂತನ

ಸನ್ನಿಬ್ಯಾಂಕ್, ಬ್ರಿಸ್ಬೇನ್

ಅತ್ತೆಗೆ ಪೂರ್ವಿಯ ನಮಸ್ಕಾರಗಳು.

ಫೋನಿನಲ್ಲಿ ಹೇಳಹೋದರೆ ಮಾತು ಬೇರೆಲ್ಲೋ ಹೋಗಿಬಿಡುತ್ತದೆ. ಅದಕ್ಕೇ ಮೈಸೂರಿಗೆ ಹೊರಟಿರುವ ಗೆಳತಿ ಕವನಾ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ನೀವು ಇಲ್ಲಿದ್ದಾಗ ನಾವಿಬ್ಬರೂ ನೋಡುತ್ತಿದ್ದ ಚೀನೀ ಧಾರಾವಾಹಿ ನಡುವೆಯೇ ನಿಂತುಹೋಯಿತಲ್ಲ, ಇಲ್ಲಿ ಈಗಲೂ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂದೇ ತೋರಿಸುತ್ತಿದೆ. ನೀವು ಅಲ್ಲಿ ನೋಡಿ ಭಾನುವಾರ ಕಥೆ ಹೇಳದಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಬಸುರಿ ರಾಣಿಗೆ ಗಂಡುಮಗುವಾಯಿತು, ಎಣ್ಣೆನೀರು ಹಾಕಿ ಸಾಂಬ್ರಾಣಿ ಹೊಗೆ ಕೊಟ್ಟರು ಎಂದಿರಿ. ಚೀನಾದ ಅರಮನೆಯಲ್ಲೂ ಸಾಂಬ್ರಾಣಿಯೇ ಎಂದು ನಿಮ್ಮ ಮಗ ಉತ್ತಮ್ ನಕ್ಕಿದ್ದೇ ನಕ್ಕಿದ್ದು.

ಮೊನ್ನೆ ದಿನಸಿ ಅಂಗಡಿಯ ಮೇ ಆಂಟಿ ಚೀನಾದಿಂದ ವಾಪಸ್ ಬಂದರು. ನಮ್ಮ ಧಾರಾವಾಹಿಯನ್ನು ಅಲ್ಲಿ ಪೂರ್ತಿ ನೋಡಿದರಂತೆ. “ಪಾಪ, ರಾಣಿ ಮಗು ಉಳೀಲೇ ಇಲ್ಲ” ಅಂದವರು ನನ್ನ ಹೊಟ್ಟೆ ಕಂಡು ಗಡಿಬಿಡಿಯಿಂದ ನನ್ನ ಸಾಮಾನು ಕಟ್ಟತೊಡಗಿದರು.

ನಾನು ಹೆದರಿಲ್ಲ ಅತ್ತೆ. ಈ ಸಲ ಎಲ್ಲ ಸರಿಯಿದೆ ಎಂದು ಡಾಕ್ಟರೂ ಹೇಳಿದ್ದಾರೆ.

“ಆ ಧಾರಾವಾಹಿ ಲಾಕ್ ತೆಗೆಯೋಕೆ ದಾರಿ ಇದೆ, ನೀನೇ ನೋಡ್ಬಹುದು” ಅಂದರು ಉತ್ತಮ್. ಬೇಡ ಎಂದೆ. ನನಗೆ ನಿಮ್ಮ ಕಥೆಯೇ ಇರಲಿ.

ಬಾಣಂತನಕ್ಕೆ ಬರುವಾಗ ಸಾಂಬ್ರಾಣಿ ಮರೆಯಬೇಡಿ. ಭಾನುವಾರ ಮರೆಯದೆ ಹೇಳಿ, ರಾಣಿಯ ಮಗು ಈಗ ಬೋರಲು ಬೀಳುತ್ತಿದೆಯೇ?

ನಿಮ್ಮ ಸೊಸೆ,
ಪೂರ್ವಿ